ಮಂಚದ ಕೆಳಗಿನ ಆರು ಸೀಳು

ಕಳೆದ ತಿಂಗಳು ಹೆದ್ದಾರಿ ಅಗಲ ಮಾಡುವವರು ನಮ್ಮೂರ ಬಸ್ ಸ್ಟ್ಯಾಂಡಿನ ಪಕ್ಕದ ತಪಸಿ ಮರವನ್ನು ಕಡಿದು ಉರುಳಿಸಿದ್ದರು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಮೂಗಿಗೆ ಕರವಸ್ತ್ರ ಹಿಡಿದು ದೂರ ಸರಿದು ನಿಂತಿದ್ದರು. ಹಸಿ ತಪಸಿಯ ನಾತ ಗೊತ್ತಿದ್ದವರಿಗೆ ಗೊತ್ತು. ತೊಳೆಯದ ಹಟ್ಟಿಯಲ್ಲಿ ಹುಳಿ ಮಜ್ಜಿಗೆ ಚೆಲ್ಲಿದ ಹಾಗಿರುತ್ತದೆ. ನಾನು ಮಾತ್ರ ಆ ಕೊರಡಿನ ಹತ್ತಿರ ಹೋಗಿ, ಕಡಿದ ಕಡೆಗೆ ಮೂಗು ಒಡ್ಡಿ, ಎದೆ ತುಂಬ ಉಸಿರೆಳೆದುಕೊಂಡೆ. ಪಕ್ಕದಲ್ಲಿದ್ದ ಹೆಂಗಸೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನೋಡಲಿ. ಬೇರೆಯವರ ಬಾಲ್ಯಕ್ಕೆ ಮಲ್ಲಿಗೆಯದೋ ಮೊದಲ ಮಳೆಯದೋ ಪರಿಮಳ ಇರಬಹುದು, ನನ್ನ ಬಾಲ್ಯಕ್ಕೆ ಇರುವುದು ಈ ನಾತ. ಹತ್ತನೆಯ ವಯಸ್ಸಿನಲ್ಲಿ ಏಳೆಂಟು ತಿಂಗಳು ನಾನು ಇದರ ಮೇಲೆಯೇ ಮಲಗಿ ನಿದ್ದೆ ಮಾಡಿದವಳು. ನನ್ನ ಬಸ್ಸು ಬಂತು, ಹೋಯಿತು. ಮುಂದಿನದಕ್ಕೆ ಮುಕ್ಕಾಲು ಗಂಟೆ ಇತ್ತು, ನಾನು ಅಲ್ಲೇ ನಿಂತಿದ್ದೆ.

ಆಗ ನಾವು ಸೌದಿಯ ಖತೀಫ್‌ನಲ್ಲಿದ್ದೆವು. ಊರಿನ ಅಂಚಿಗೆ ಒಂದು ಹಳೆಯ ಖರ್ಜೂರದ ತೋಟ, ತೋಟದ ಮೂಲೆಗೆ ಎರಡು ಕೋಣೆಯ ಮನೆ, ಮನೆಯ ಮೇಲೆ ಸಿಮೆಂಟಿನ ತಾರಸಿ. ಎಂದೋ ತೋಟದ ಆಳುಗಳಿಗೆಂದು ಕಟ್ಟಿದ್ದಂತೆ ಅದು. ಸುಣ್ಣ ಬಳಿದು ನಮಗೆ ಬಾಡಿಗೆಗೆ ಕೊಟ್ಟಿದ್ದರು. ಬೆಳಿಗ್ಗೆ ಕಿಟಕಿ ತೆರೆದರೆ ಕಾಲುವೆಯ ಕೆಸರಿನ ವಾಸನೆ, ಲಿಂಬೆ ಎಲೆಯ ವಾಸನೆ, ದೂರದಲ್ಲಿ ಪಂಪಿನ ಡುಗುಡುಗು ಸದ್ದು ಒಟ್ಟಿಗೆ ಒಳಗೆ ಬರುತ್ತಿದ್ದವು. ಮರುಭೂಮಿಯ ದೇಶಕ್ಕೆ ಹೋಗುತ್ತೇವೆಂದು ಹೊರಟ ನಮಗೆ ಸಿಕ್ಕಿದ್ದು ಹಸಿರು ನೆರಳಿನ ಮನೆ. ಅಮ್ಮ ಊರಿಗೆ ಫೋನ್ ಮಾಡಿ ಹೇಳಿದರೆ ಯಾರೂ ನಂಬುತ್ತಿರಲಿಲ್ಲ. ತೋಟದ ಯಜಮಾನರು ಅಬು ಜಾಫರ್ ಎಂಬ ಮುದುಕರು. ಉದ್ದಕ್ಕೆ, ತೆಳ್ಳಗೆ, ಸ್ವಲ್ಪ ಬಾಗಿದವರು. ಮಧ್ಯಾಹ್ನದ ನಂತರ ಬಂದು ಕಾಲುವೆಯ ದಂಡೆಯಲ್ಲಿ ಚಾಪೆ ಹಾಸಿ ಕೂರುತ್ತಿದ್ದರು. ನಾನು ಅವರನ್ನು ಅಜ್ಜ ಎಂದು ಕರೆಯುತ್ತಿದ್ದೆ. ಅದರ ಅರ್ಥ ಕೇಳಿ ತಿಳಿದುಕೊಂಡ ಮೇಲೆ, ನಾನು ಕೂಗಿದಾಗಲೆಲ್ಲ ಎಡಗೈ ಎತ್ತಿ ಓಗೊಡುತ್ತಿದ್ದರು.

ನಮ್ಮದು ಮರಗೆಲಸದ ಮನೆತನ. ಅಪ್ಪನ ಅಪ್ಪ ಮಾಡಿದ ಬಾಗಿಲುಗಳು ಉಡುಪಿಯ ಸುತ್ತಿನ ಮನೆಗಳಲ್ಲಿ ಈಗಲೂ ಇವೆ. ಸೌದಿಗೆ ಬಂದ ಅಪ್ಪನಿಗೆ ಸಿಕ್ಕಿದ್ದು ಶಟರಿಂಗ್ ಕೆಲಸ. ಕಾಂಕ್ರೀಟು ಸುರಿಯಲು ಹಲಗೆಯ ಅಚ್ಚು ಕಟ್ಟುವುದು, ಕಾಂಕ್ರೀಟು ಗಟ್ಟಿಯಾದ ಮೇಲೆ ಹಲಗೆ ಕಿತ್ತು ಎಸೆಯುವುದು. ಹಾಗೆ ಹದಿನಾಲ್ಕು ವರ್ಷ. ಕೊನೆಗೆ ಫೋರ್‌ಮನ್ ಆಗಿ, ಇಕಾಮಾ ಎಂಬ ಅಲ್ಲಿನ ವಾಸದ ಪರವಾನಗಿಯಲ್ಲಿ ಕಸುಬಿನ ಹೆಸರು ಬದಲಾದ ಮೇಲೆ ನಮ್ಮನ್ನು ಕರೆಸಿಕೊಂಡರು. "ನಾನು ಮಾಡಿದ್ದು ಇಲ್ಲಿ ಒಂದೂ ಉಳಿಯುದಿಲ್ಲ ಮಾರಾಯ್ತಿ" ಎಂದು ಅಮ್ಮನಿಗೆ ಹೇಳುತ್ತಿದ್ದರು. ಬೇಸರ ಹೆಚ್ಚಾದಾಗ ಸೈಟಿನ ತುಂಡು ಹಲಗೆ ತಂದು ಮನೆಗೆ ಏನಾದರೂ ಮಾಡುತ್ತಿದ್ದರು. ಮಣೆ, ಸಾಸಿವೆ ಡಬ್ಬಿ, ನನ್ನ ಪುಸ್ತಕಕ್ಕೆ ಗೂಡು. ಮಾಡಿದ್ದನ್ನು ಮೊದಲು ಅಮ್ಮನೆದುರು ಇಟ್ಟು "ಹೇಗುಂಟು?" ಎಂದು ಕೇಳಬೇಕು. ಅಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ "ಒಂದು ಕಾಲು ಗಿಡ್ಡ ಉಂಟಲ್ಲ" ಎನ್ನಬೇಕು. ಗಿಡ್ಡ ಇರುತ್ತಿರಲಿಲ್ಲ. ಅಪ್ಪ ಮಟ್ಟಗೋಲು ತಂದು ಅಳೆದು ತೋರಿಸಬೇಕು, ಅಮ್ಮ ಆಗಲೂ ತಲೆ ಅಲ್ಲಾಡಿಸಬೇಕು. ಅಪ್ಪ ಅಮ್ಮ ನಗುತ್ತ ಮಾತಾಡಿದ್ದು ಎಂದು ನನಗೆ ನೆನಪಿರುವುದೆಲ್ಲ ಹೆಚ್ಚಾಗಿ ಇಂಥ ಮಣೆ, ಡಬ್ಬಿಗಳ ಸುತ್ತಲೇ.

ತೋಟದ ನಡುವೆ, ಖರ್ಜೂರದ ಸಾಲಿಗೆ ಸೇರದೆ, ಒಂದು ಬೇರೆ ಜಾತಿಯ ಮರ ನಿಂತಿತ್ತು. ನಾವು ಬಂದ ಮೊದಲ ವಸಂತದಲ್ಲಿ ಅದರ ಬೀಜಗಳು ಹಪ್ಪಳದ ಚೂರಿನಂತೆ ತೆಳ್ಳಗೆ, ದುಂಡಗೆ ಹಾರಿ ನಮ್ಮ ತಾರಸಿಗೆ ಬಂದವು. ಅಪ್ಪ ಒಂದನ್ನು ಬೆಳಕಿಗೆ ಹಿಡಿದು "ಇದು ನಮ್ಮ ತಪಸಿಯ ತಮ್ಮ" ಎಂದರು. ಅಬು ಜಾಫರ್ ಅದನ್ನು ದರ್ದಾರ್ ಎನ್ನುತ್ತಿದ್ದರು. ಅದು ಎಲ್ಮ್ ಜಾತಿಯ ಮರವೆಂದು ನನಗೆ ಗೊತ್ತಾದದ್ದು ಶಾಲೆಯ ಪುಸ್ತಕದ ಚಿತ್ರ ನೋಡಿ. ಅಬು ಜಾಫರರ ತಂದೆ ಶಾಮ್ ದೇಶದ, ಎಂದರೆ ಸಿರಿಯಾದ ಕಡೆಯಿಂದ ಅದನ್ನು ಸಸಿಯಾಗಿ ಡಬ್ಬದಲ್ಲಿ ತಂದು ನೆಟ್ಟಿದ್ದರಂತೆ. ತೋಟದ ಹಳೆಯ ನೀರೂಟೆ ಬತ್ತಿ ಪಂಪಿನ ನೀರು ಬಂದ ಮೇಲೆ ಮರ ಸೊರಗುತ್ತ ಬಂದು, ಆ ವರ್ಷ ಅರ್ಧ ಒಣಗಿತ್ತು. ಅಬು ಜಾಫರರಿಗೆ ಬಿಲ್ಲಿನ ಹುಚ್ಚು. ಖರ್ಜೂರದ ಗರಿಗಳನ್ನು ಕಟ್ಟು ಕಟ್ಟಿ ನಿಲ್ಲಿಸಿ ಸಂಜೆ ಹೊತ್ತು ಬಾಣ ಬಿಡುತ್ತಿದ್ದರು. ಮರ ಸಾಯುವ ಮೊದಲು ಅದರಿಂದ ತನಗೊಂದು ಬಿಲ್ಲು ಆಗಬೇಕು, ತಂದೆ ನೆಟ್ಟದ್ದು ತನ್ನ ಕೈಯಲ್ಲಿ ಇರಬೇಕು ಎಂಬುದು ಅವರ ಆಸೆ. ಅವರಿಗೆ ಬಿಲ್ಲು ಗೊತ್ತು, ಮರ ಗೊತ್ತಿಲ್ಲ. ಅಪ್ಪನಿಗೆ ಮರ ಗೊತ್ತು, ಬಿಲ್ಲು ಗೊತ್ತಿಲ್ಲ. ಹಿಂದಿ, ಅರಬಿ, ಕೈಸನ್ನೆ ಎಲ್ಲ ಬೆರೆಸಿ ಇಬ್ಬರೂ ಒಂದು ಇಡೀ ಶುಕ್ರವಾರ ಮರದ ಸುತ್ತ ಸುತ್ತಿದರು. ಅವತ್ತು ಊಟಕ್ಕೆ ಬಂದ ಅಪ್ಪನ ಮುಖದಲ್ಲಿ ನಾನು ಅದುವರೆಗೆ ನೋಡದ ಒಂದು ಕಳೆ ಇತ್ತು.

ಚಳಿ ಜೋರಾದ ಜನವರಿಯಲ್ಲಿ, ಮರದ ರಸ ಕೆಳಗಿಳಿದ ಹೊತ್ತು ನೋಡಿ ಕಡಿದರು. ನಮ್ಮವರಲ್ಲಿ ಮರಕ್ಕೆ ಕೊಡಲಿ ಹಾಕುವ ಮೊದಲು ಬುಡ ಮುಟ್ಟಿ, ಅದರಲ್ಲಿ ಇರುವವರೆಲ್ಲ ಬೇರೆ ಜಾಗ ನೋಡಿಕೊಳ್ಳಿ ಎಂದು ಕೇಳಿಕೊಳ್ಳುವ ಪದ್ಧತಿ. ಅಪ್ಪ ಅಂಗೈ ಇಟ್ಟು ಮನಸ್ಸಿನಲ್ಲೇ ಹೇಳಿಕೊಂಡರು. ಆಚೆ ಬದಿಯಲ್ಲಿ ಅಬು ಜಾಫರ್ ಕೂಡ ಅಂಗೈ ಇಟ್ಟು ಬಿಸ್ಮಿಲ್ಲಾ ಎಂದರು. ಕಡಿಯುವುದು ಸುಲಭ, ಸೀಳುವುದೇ ಕಷ್ಟ. ಬಿಲ್ಲಿಗೆ ಬೇಕಾದ್ದು ಆಳುದ್ದದ ಸೀಳು, ಮರದ ನಾರು ಈ ತುದಿಯಿಂದ ಆ ತುದಿಗೆ ಕಡಿಯದೆ ಓಡಿರಬೇಕು. ಹಲಸನ್ನು, ಹೆಬ್ಬಲಸನ್ನು ಎರಡು ಪೆಟ್ಟಿಗೆ ಸೀಳುತ್ತಿದ್ದ ಅಪ್ಪನ ಬೆಣೆಯನ್ನು ಈ ದರ್ದಾರ್ ಸುಮ್ಮನೆ ನುಂಗಿ ಕೂತಿತು. ಒಳಗೆ ನಾರುಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು, ಜಗಳವಾಡಿ ಮತ್ತೆ ಕೈ ಹಿಡಿದುಕೊಂಡ ಅಣ್ಣ ತಮ್ಮಂದಿರ ಹಾಗೆ. ಬೆಣೆ, ಕೊಡಲಿ, ಕೊನೆಗೆ ಗರಗಸ. ಎರಡು ಶುಕ್ರವಾರ ಬೆವರು ಸುರಿಸಿ ಆರು ಸೀಳು ತೆಗೆದರು. ಒಂದೊಂದರ ತುದಿಯನ್ನೂ ಕರಗಿಸಿದ ಮೇಣದಲ್ಲಿ ಅದ್ದಿದರು, ಇಲ್ಲದಿದ್ದರೆ ತುದಿಯಿಂದ ಬೇಗ ಒಣಗಿ ಬಿರಿಯುತ್ತದಂತೆ. ತೊಗಟೆಯನ್ನು ಮೊಂಡು ಕತ್ತಿಯಲ್ಲಿ ಮೆಲ್ಲಗೆ ಸುಲಿದರು. ತೊಗಟೆಯ ಕೆಳಗಿನ ಮೊದಲ ಪದರವೇ ಬಿಲ್ಲಿನ ಬೆನ್ನು, ಅದಕ್ಕೆ ಉಗುರಿನ ಗಾಯವೂ ಆಗಬಾರದು. ಅಬು ಜಾಫರ್ ಆ ನುಣುಪಿನ ಮೇಲೆ ಬೆರಳಾಡಿಸಿ, ಅದುವರೆಗೆ ನಜ್ಜಾರ್ ಎಂದು ಕರೆಯುತ್ತಿದ್ದ ಅಪ್ಪನನ್ನು ಉಸ್ತಾದ್ ಎಂದು ಕರೆದರು. ಬಡಗಿ ಹೋಗಿ ಗುರು ಆದರು ಅಪ್ಪ. ಸೈಟಿನಲ್ಲಿ ಅವರನ್ನು ಹೆಲ್ಮೆಟ್ಟಿನ ಬಣ್ಣ ಹಿಡಿದು ಕರೆಯುತ್ತಿದ್ದವರೇ ಹೆಚ್ಚು.

ಇನ್ನು ಉಳಿದದ್ದು ಒಣಗಿಸುವುದು. ಅದಕ್ಕೆ ವರ್ಷ ಬೇಕು, ಬಿಸಿಲು ತಾಗಬಾರದು, ಎಸಿಯ ಗಾಳಿ ಬಡಿಯಬಾರದು. ತೋಟದ ಶೆಡ್ಡಿಗೆ ತಗಡಿನ ಮಾಡು, ಅದು ಕಾದು ಒಲೆಯಾಗುತ್ತದೆ. ಹೀಗಾಗಿ ಆರೂ ಸೀಳು ಗೋಣಿ ಸುತ್ತಿಕೊಂಡು ನನ್ನ ಮಂಚದ ಕೆಳಗೆ ಬಂದವು, ಏಕೆಂದರೆ ಎಸಿ ಇಲ್ಲದ ತಂಪು ಕೋಣೆ ನನ್ನದು. ತಪಸಿಯದೇ ನಾತ ಅದಕ್ಕೂ, ಮೊದಲ ವಾರ ನನಗೆ ವಾಂತಿ ಬಂತು. "ರಾಜಕುಮಾರಿಗೆ ಗುಲಾಬಿ ಹಾಸಿಗೆ ಬೇಕಂತೆ" ಎಂದು ಅಮ್ಮ ಗೇಲಿ ಮಾಡಿದಳು. ಆಮೇಲೆ ಅದಿಲ್ಲದೆ ನಿದ್ದೆ ಬಾರದ ಹಾಗಾಯಿತು. ಪ್ರತಿ ಶುಕ್ರವಾರ ಬೆಳಿಗ್ಗೆ ಅಪ್ಪ ಒಂದೊಂದು ಸೀಳನ್ನೂ ಹೊರತೆಗೆದು ತೂಗುತ್ತಿದ್ದರು. ತೂಗುವುದು ಯಾವುದರಲ್ಲಿ ಎಂದರೆ, ಗಲ್ಫಿನ ಪ್ರತಿ ಮನೆಯಲ್ಲೂ ಇರುವ, ಊರಿಗೆ ಹೋಗುವಾಗ ಸೂಟ್‌ಕೇಸು ತೂಗುವ ಕೊಕ್ಕೆಯ ತಕ್ಕಡಿಯಲ್ಲಿ. ತೂಕವನ್ನು ನನ್ನ ತಲೆದಿಂಬಿನ ಮೇಲಿನ ಗೋಡೆಗೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. "ಮರ ನೀರು ಬಿಡ್ತಾ ಉಂಟು ನೋಡು. ನಾಲ್ಕು ವಾರ ಒಂದೇ ತೂಕ ಬಂದ್ರೆ ಕೈ ಹಾಕ್ಬಹುದು" ಎಂದು ನನಗೆ ಕಲಿಸಿದರು. ನಾನು ನಿದ್ದೆ ಬರುವವರೆಗೆ ಆ ಅಂಕಿಗಳನ್ನು ಓದುತ್ತ ಮಲಗುತ್ತಿದ್ದೆ. ತಿಂಗಳು ತಿಂಗಳು ಅವು ತೀರಾ ಸೋಮಾರಿಯಾಗಿ ಇಳಿಯುತ್ತಿದ್ದವು.

ಆಗಸ್ಟಿನಲ್ಲಿ ಅಪ್ಪನ ಕಂಪನಿಯ ಖತೀಫ್ ಕೆಲಸ ಮುಗಿಯುತ್ತ ಬಂತು. ಡಿಸೆಂಬರಿನಿಂದ ಅಪ್ಪ ದೇಶದ ಇನ್ನೊಂದು ಕಡಲಿನ ದಂಡೆಯ ರಾಬಿಗ್‌ಗೆ, ಕ್ಯಾಂಪಿನ ವಾಸಕ್ಕೆ. ಅಮ್ಮ ಮತ್ತು ನಾನು ಊರಿಗೆ. ಈ ಸುದ್ದಿಯನ್ನು ಅಪ್ಪ ಕಾಲುವೆಯ ದಂಡೆಯಲ್ಲಿ ಅಬು ಜಾಫರರಿಗೆ ಹೇಳುವಾಗ ನಾನು ಪಕ್ಕದಲ್ಲಿದ್ದೆ. ಅಷ್ಟರೊಳಗೆ ಮರ ಒಣಗುವುದು ಅನುಮಾನ ಎಂದರು ಅಪ್ಪ. ಮುದುಕರು "ಶ್ವಯ್ಯ ಶ್ವಯ್ಯ, ಉಸ್ತಾದ್" ಎಂದರು, ನಿಧಾನವಾಗಿಯೇ ಆಗಲಿ ಎಂದು. ಅಪ್ಪ ಚಾಪೆಯ ಕಡ್ಡಿಯೊಂದನ್ನು ಕಿತ್ತು ಚೂರು ಚೂರು ಮಾಡಿ ನೀರಿಗೆ ಎಸೆದರು. ಅದನ್ನು ನೋಡಲು ನನ್ನಿಂದಾಗಲಿಲ್ಲ. ಈ ದೇಶದಲ್ಲಿ ಅಪ್ಪನ ಕೈಯದೆಂದು ಉಳಿಯುವ ಒಂದೇ ಒಂದು ವಸ್ತು ನನ್ನ ಮಂಚದ ಕೆಳಗೆ ನೀರು ಬಿಡದೆ ಬಿದ್ದುಕೊಂಡಿತ್ತು.

ಬಿಸಿಲಿನ ವಿಷಯ ಇಲ್ಲಿ ಹೇಳಬೇಕು. ಅಮ್ಮನಿಗೆ ಖತೀಫ್‌ನಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಬಿಸಿಲು. "ಊರಲ್ಲಿ ಆಟಿ ತಿಂಗಳ ಮಳೆಗೆ ಬೆಂಕಿಕಡ್ಡಿ ಸಮೇತ ಒಣಗುದಿಲ್ಲ. ಇಲ್ಲಿ ಇಷ್ಟು ಬಿಸಿಲು ಸುಮ್ಮನೆ ಹಾಳಾಗ್ತದಲ್ಲ" ಎಂದು ಅವಳಿಗೆ ಸಂಕಟ. ಸಂಡಿಗೆ, ಮಜ್ಜಿಗೆ ಮೆಣಸು, ಹಾಸಿಗೆ, ದಿಂಬು, ಗೋಧಿ, ಅಪ್ಪನ ಬೂಟು, ಒಣಗಿದ ಬಟ್ಟೆಗೇ ಇನ್ನೊಂದು ಬಿಸಿಲು. ನಮ್ಮ ತಾರಸಿ ಯಾವತ್ತೂ ಖಾಲಿ ಇರುತ್ತಿರಲಿಲ್ಲ. ಮಳೆಗಾಲ ಎಂಬುದೇ ಇಲ್ಲದ ಊರಿನಲ್ಲಿ ಅಮ್ಮ ವರ್ಷವಿಡೀ ಮಳೆಗಾಲಕ್ಕೆ ತಯಾರಿ ಮಾಡುತ್ತಿದ್ದಳು. ಅವಳ ಮಗಳು ನಾನು. ಊರಿನ ಬಿಸಿಲಿಗೆ ಒಂದು ವರ್ಷದ ಕೆಲಸವಾದರೆ ಖತೀಫಿನ ಬಿಸಿಲಿಗೆ ವಾರ ಸಾಕು ಎಂದು ನನ್ನ ಲೆಕ್ಕ. ಬಿಸಿಲು ತಾಗಬಾರದೆಂದು ಅಪ್ಪ ಹೇಳಿದ್ದು ಕೇಳಿಸಿಕೊಂಡಿದ್ದೆ, ಆದರೆ ದೊಡ್ಡವರು ಬೇಡ ಎನ್ನುವ ಎಷ್ಟೋ ಸಂಗತಿ ಮಾಡಿದರೆ ಏನೂ ಆಗದೆಂದು ಅಷ್ಟರಲ್ಲಿ ಕಲಿತಿದ್ದೆ.

ಶಾಲೆಗೆ ರಜೆ. ಅಪ್ಪ ಕೆಲಸಕ್ಕೆ ಹೋಗಿ, ಅಮ್ಮ ಊಟದ ನಂತರ ಎಸಿ ಕೋಣೆಯಲ್ಲಿ ಮಲಗಿದ ಮೇಲೆ, ಸೀಳುಗಳನ್ನು ಒಂದೊಂದಾಗಿ ಮೆಟ್ಟಿಲ ಮೇಲೆ ಎಳೆದುಕೊಂಡು ಹೋಗಿ ತಾರಸಿಯಲ್ಲಿ ಸಾಲಾಗಿ ಇಟ್ಟೆ. ಅಮ್ಮ ಏಳುವ ಮೊದಲು ಮತ್ತೆ ಮಂಚದ ಕೆಳಗೆ. ಮೊದಲ ದಿನ ಕದ್ದು ತೂಗಿ ನೋಡಿದರೆ ತೂಕ ನಿಜವಾಗಿ ಇಳಿದಿತ್ತು. ಆ ಸಂತೋಷ ಈಗಲೂ ನೆನಪಿದೆ, ನೆನೆದರೆ ನಾಚಿಕೆಯೂ ಆಗುತ್ತದೆ. ಮೂರನೆಯ ಮಧ್ಯಾಹ್ನ, ನಾನು ಮೆಟ್ಟಿಲ ನೆರಳಿನಲ್ಲಿ ಕೂತು ಕಾಯುತ್ತಿದ್ದಾಗ, ಮೇಲೆ ಟಪ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಯಾರೋ ನೀರಿನ ಟ್ಯಾಂಕಿಗೆ ಕಲ್ಲು ಹೊಡೆಯುತ್ತಿದ್ದಾರೆಂದು ಅಮ್ಮ ಎದ್ದು ಬರಿಗಾಲಲ್ಲಿ ಓಡಿ ಬಂದಳು. ಕಾದ ಸಿಮೆಂಟಿನ ಮೇಲೆ ಒಂದು ಕಾಲಿಂದ ಇನ್ನೊಂದು ಕಾಲಿಗೆ ಹಾರುತ್ತ ಅವಳು ಆ ಸೀಳುಗಳನ್ನು ನೋಡಿದಳು. ಉದ್ದಕ್ಕೆ, ಬೆರಳು ಹೋಗುವಷ್ಟು ಬಿರಿದಿದ್ದವು.

"ಎಂತ ಮಾಡಿದಿ ಮಾರಾಯ್ತಿ" ಎಂದಳು, ಅಷ್ಟೇ. ಹೊಡೆಯಲಿಲ್ಲ. ಎರಡೆರಡಾಗಿ ಹೆಗಲಿಗೆ ಹಾಕಿಕೊಂಡು ಕೆಳಗಿಳಿಸಿದಳು. ಅಂಗಾಲಿನಲ್ಲಿ ಗುಳ್ಳೆ ಎದ್ದಿತ್ತು, ಅದಕ್ಕೆ ತೆಂಗಿನೆಣ್ಣೆ ಹಚ್ಚುತ್ತ ಬಹಳ ಹೊತ್ತು ಕೂತಳು. ಸಂಜೆ ಅಪ್ಪ ಬೂಟು ಬಿಚ್ಚುವ ಮೊದಲೇ, ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಹೇಳಿದಳು: "ಆ ಮರ ಬಿಸಿಲಿಗೆ ಇಟ್ಟದ್ದು ನಾನು. ಬೇಗ ಒಣಗ್ಲಿ ಅಂತ. ಬಿರಿದು ಹೋಯ್ತು."

ಅಪ್ಪ ನಂಬಿದರು. ನಂಬದಿರಲು ಕಾರಣವೇ ಇರಲಿಲ್ಲ, ಬೂಟನ್ನೂ ಬಿಸಿಲಿಗಿಡುವ ಹೆಂಗಸು ಅವಳು. ನನ್ನ ಕೋಣೆಗೆ ಬಂದು ನೆಲದಲ್ಲಿ ಕೂತು, ಗೋಣಿ ಬಿಡಿಸಿ, ಒಂದೊಂದು ಬಿರುಕಿನ ಉದ್ದಕ್ಕೂ ಹೆಬ್ಬೆರಳ ಉಗುರು ಎಳೆದರು. "ನಿಂಗೆ ಗೊತ್ತಿತ್ತಲ್ಲ" ಎಂದರು ಅಮ್ಮನ ಕಡೆ ನೋಡದೆ. ನಾನು ಬಾಯಿ ತೆರೆದೆ. ಅಮ್ಮ ನನ್ನ ಭುಜ ಹಿಡಿದು ಹೊರಗೆ ಕರೆದುಕೊಂಡು ಹೋದಳು. ಯಾಕೆ ಸುಳ್ಳು ಹೇಳಿದಿ ಎಂದು ಕೇಳಿದೆ. "ನೀನು ಸಣ್ಣವಳು. ನಿನ್ನ ಮೇಲೆ ಸಿಟ್ಟು ಬಂದ್ರೆ ಅದನ್ನು ಇಟ್ಟುಕೊಳ್ಳಿಕ್ಕೆ ಅವರಿಗೆ ಜಾಗ ಇಲ್ಲ. ನನ್ನ ಮೇಲಾದ್ರೆ ಎರಡು ದಿನ" ಎಂದಳು. ಆಮೇಲೆ, ನಗು ಬಾರದಿದ್ದರೂ, "ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನೆ ಹೇಳಿದ್ದಲ್ಲ" ಎಂದು ನನ್ನ ತಲೆಗೆ ಮೊಟಕಿದಳು.

ಆರರಲ್ಲಿ ಒಂದು ಮಾತ್ರ ಬಿರಿದಿರಲಿಲ್ಲ, ಅಥವಾ ಬಿರಿದದ್ದು ಕಾಣುತ್ತಿರಲಿಲ್ಲ. ನವೆಂಬರಿನಲ್ಲಿ ಅಪ್ಪ ಅದಕ್ಕೆ ಬಾಚಿ ಹಿಡಿದರು. ಕೀಸುಳಿ, ಅರ, ಕೊನೆಗೆ ಒಡೆದ ಗಾಜಿನ ಚೂರು. ಚಕ್ಕೆ ಹೋಗಿ ಸುರುಳಿಯಾಯಿತು, ಸುರುಳಿ ಹೋಗಿ ಪುಡಿಯಾಯಿತು. ಬಿಲ್ಲಿನ ಎರಡು ಕೈಯೂ ಸಮವಾಗಿ ಬಾಗುತ್ತವೋ ಎಂದು ಗೋಡೆಯ ಗೂಟಕ್ಕೆ ಸಿಕ್ಕಿಸಿ, ಇಷ್ಟಿಷ್ಟೇ ಎಳೆದು, ಇಳಿಸಿ, ಮತ್ತೆ ಹೆರೆದು ನೋಡುತ್ತಿದ್ದರು. ಅಬು ಜಾಫರ್ ಪಕ್ಕದಲ್ಲಿ ಕೂತು ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಎಂದು ಬೆರಳು ತೋರಿಸುತ್ತಿದ್ದರು. ಕಂದು ತಿರುಳು, ಬೆಣ್ಣೆ ಬಣ್ಣದ ಬೆನ್ನು, ಉದ್ದಕ್ಕೂ ಹರಿದ ಸಣ್ಣ ಅಲೆಯಂಥ ಗೆರೆಗಳು. ಅಷ್ಟು ಚೆಂದದ ಮರವನ್ನು ನಾನು ಆಮೇಲೆ ನೋಡಿಲ್ಲ. ಅಮ್ಮ ಚಹಾ ತಂದಿಟ್ಟು ಒಂದು ಗಳಿಗೆ ನಿಲ್ಲುತ್ತಿದ್ದಳು. ಅಪ್ಪ ಬಿಲ್ಲನ್ನು ಎತ್ತಿ ಅವಳಿಗೆ ತೋರಿಸುತ್ತಾರೆಂದು ನಾನು ಪ್ರತಿ ಸಲ ಕಾದೆ.

ನಾವು ಹೊರಡುವ ಹಿಂದಿನ ಶುಕ್ರವಾರ ಸಂಜೆ ಹೆದೆ ಏರಿಸಿದರು. ಅಬು ಜಾಫರ್ ಮೊದಲ ಬಾಣ ಬಿಟ್ಟರು, ಗರಿಯ ಕಟ್ಟಿಗೆ ನೆಟ್ಟಿತು. ಎರಡನೆಯದೂ ನೆಟ್ಟಿತು. ಮುದುಕರ ಬೆನ್ನು ನೆಟ್ಟಗಾಗಿತ್ತು. ತಂದೆಯ ಹೆಸರು ಹೇಳಿ ಏನೋ ಅಂದರು. ಮೂರನೆಯ ಬಾಣಕ್ಕೆ ಎಳೆದಾಗ ಬಿಲ್ಲು ಹಿಡಿಯ ಮೇಲೆ ಒಂದು ಗೇಣಿನಲ್ಲಿ ಮುರಿಯಿತು. ಮುರಿದ ಜಾಗದಲ್ಲಿ ಒಳಗೆ ಹಳೆಯ ಬಿರುಕಿನ ಕಪ್ಪು ಗೆರೆ ಕಾಣುತ್ತಿತ್ತು. ಅಬು ಜಾಫರ್ ಅದನ್ನು ನೋಡಿ, ಎರಡೂ ತುಂಡನ್ನು ಜೋಡಿಸಿ ಹಿಡಿದು, ಅಪ್ಪನಿಗೆ ಸಮಾಧಾನ ಹೇಳಿದರು: "ಇದು ನಿನ್ನ ಕೈಯ ತಪ್ಪಲ್ಲ, ಉಸ್ತಾದ್."

ಒಳ್ಳೆಯ ಮನುಷ್ಯನ ಒಳ್ಳೆಯ ಮಾತು ಅದು. ಆದರೆ ಅಪ್ಪನ ಕೈಯ ತಪ್ಪಲ್ಲವಾದರೆ ಇನ್ನು ಯಾರದು? ಅಪ್ಪ ತಿರುಗಿ ಅಮ್ಮನನ್ನು ನೋಡಿದರು. ಅಮ್ಮ ತಲೆ ತಗ್ಗಿಸಲಿಲ್ಲ. ನಾನು ಅವಳ ಸೆರಗು ಹಿಡಿದುಕೊಂಡು ಹಿಂದೆ ನಿಂತಿದ್ದೆ, ಹೇಳಬೇಕಾಗಿದ್ದ ಹೊತ್ತು ಅದೇ ಆಗಿತ್ತು, ಹೇಳಲಿಲ್ಲ.

ಎರಡು ದಿನದ ಸಿಟ್ಟು ಎರಡು ದಿನಕ್ಕೆ ಮುಗಿಯಲಿಲ್ಲ. ಸಿಟ್ಟು ಎಂದು ಕರೆಯುವ ಹಾಗೂ ಇರಲಿಲ್ಲ ಅದು. ಅಪ್ಪ ರಾಬಿಗ್‌ನಿಂದ ದಿನಾ ಫೋನ್ ಮಾಡುತ್ತಿದ್ದರು, ಅಮ್ಮನ ಮಂಡಿ ನೋವು ವಿಚಾರಿಸುತ್ತಿದ್ದರು, ಊರಿಗೆ ಬಂದಾಗ ಸೀರೆ ತರುತ್ತಿದ್ದರು. ಕೆಲವು ವರ್ಷಗಳ ನಂತರ ಕೆಲಸ ಬಿಟ್ಟು ಬಂದು ಮನೆಯ ಜಗಲಿಯಲ್ಲೇ ಉಳಿ ಹಿಡಿದು ಕೂತರು. ಊರವರಿಗೆ ದೇವರ ಮಂಟಪ, ಕುರ್ಚಿ, ಕಿಟಕಿ ಎಲ್ಲ ಮಾಡಿಕೊಟ್ಟರು. ಆದರೆ ಯಾವುದನ್ನೂ ಅಮ್ಮನೆದುರು ಇಟ್ಟು "ಹೇಗುಂಟು?" ಎಂದು ಕೇಳಲಿಲ್ಲ. ಅಮ್ಮ ಕೆಲವೊಮ್ಮೆ ತಾನಾಗಿಯೇ ಹೋಗಿ, ಮುಗಿದ ಕುರ್ಚಿಯ ಕೈ ಸವರಿ, ಏನೂ ಹೇಳದೆ ಬರುತ್ತಿದ್ದಳು. ಅಬು ಜಾಫರ್ ತೀರಿಕೊಂಡ ಸುದ್ದಿ ಅವರ ಮಗನಿಂದ ಬಂತು. ತೋಟವೂ ಈಗ ಇಲ್ಲ, ಫೋನಿನ ನಕ್ಷೆಯಲ್ಲಿ ಹುಡುಕಿದರೆ ನಮ್ಮ ತಾರಸಿ ಇದ್ದ ಕಡೆ ಅಗಲವಾದ ಟಾರು ರಸ್ತೆ ಕಾಣುತ್ತದೆ. ಅಮ್ಮ ಹೋಗಿ ಮೂರು ವರ್ಷವಾಯಿತು. ಆಸ್ಪತ್ರೆಯಲ್ಲಿ ಅವಳ ಕೊನೆಯ ವಾರ, ಅಪ್ಪನಿಗೆ ಈಗಲಾದರೂ ಹೇಳುತ್ತೇನೆ ಎಂದೆ. "ಬೇಡ. ಈಗ ಹೇಳಿದ್ರೆ ಅವರಿಗೇ ಕಷ್ಟ" ಎಂದಳು. ನನಗೆ ಅರ್ಥವಾಗಲಿಲ್ಲ.

ಹೋದ ವರ್ಷ, ಅವಳ ತಿಥಿಯ ಮರುದಿನ, ತಡೆಯಲಾಗಲಿಲ್ಲ. ನೆಂಟರೆಲ್ಲ ಹೋಗಿದ್ದರು. ಅಪ್ಪ ಜಗಲಿಯಲ್ಲಿ ಸಾಣೆಕಲ್ಲಿಗೆ ಉಳಿ ಉಜ್ಜುತ್ತಿದ್ದರು. ಎದುರಿಗೆ ಕೂತು ಎಲ್ಲವನ್ನೂ ಹೇಳಿದೆ. ಮೂರು ಮಧ್ಯಾಹ್ನ, ತೂಕ, ಟಪ್ ಎಂದ ಸದ್ದು, ಅಮ್ಮನ ಅಂಗಾಲಿನ ಗುಳ್ಳೆ. ಅಪ್ಪ ಉಜ್ಜುವುದನ್ನು ನಿಲ್ಲಿಸಿದರು.

"ನಿಂಗೆ ಆಗ ಎಷ್ಟು ವರ್ಷ?"

"ಹತ್ತು."

"ನಂಗೆ ಹೇಳು ಅಂತ ಅವಳು ಯಾವತ್ತಾದ್ರೂ ಹೇಳಿದ್ಳಾ?"

"ಇಲ್ಲ. ಬೇಡ ಅಂದ್ಳು. ಆಸ್ಪತ್ರೆಯಲ್ಲೂ ಬೇಡ ಅಂದ್ಳು."

"ಹಾಗಾದ್ರೆ ನೀನೂ ಹೇಳ್ಬಾರ್ದಿತ್ತು" ಎಂದರು ಅಪ್ಪ.

ದನಿಯಲ್ಲಿ ಸಿಟ್ಟಿರಲಿಲ್ಲ. ಅಮ್ಮ ಇಷ್ಟು ವರ್ಷ ಹೊತ್ತದ್ದನ್ನು ಕೆಳಗಿಳಿಸುತ್ತೇನೆಂದು ನಾನು ತಿಳಿದಿದ್ದೆ, ಅದನ್ನು ಎತ್ತಿ ಅಪ್ಪನ ತಲೆಯ ಮೇಲೆ ಇಟ್ಟಿದ್ದೆ. ತಪ್ಪಿಲ್ಲದವಳನ್ನು ಇಷ್ಟು ವರ್ಷ "ಹೇಗುಂಟು?" ಎಂದು ಕೇಳದೆ ಬಿಟ್ಟದ್ದನ್ನು ಸರಿಮಾಡಲು ಈಗ ಅವಳಿರಲಿಲ್ಲ. ಅವರು ಉಳಿಯನ್ನು ಬಟ್ಟೆಯಲ್ಲಿ ಒರೆಸಿ, ಪೆಟ್ಟಿಗೆಯಲ್ಲಿ ಅದರ ಜಾಗದಲ್ಲಿಟ್ಟು, ಒಳಗೆ ಹೋದರು. ಆ ವಾರವಿಡೀ ಕೆಲಸಕ್ಕೆ ಕೂರಲಿಲ್ಲ.